ವಿದ್ಯೆಗೂ ಪರ್ಮಿಟ್: ಅಮೆರಿಕದಲ್ಲಿರುವ ಬಳ್ಳಾರಿ, ರಾಯಚೂರು, ಕೊಪ್ಪಳದ ಎಂಜಿನಿಯರುಗಳಿಗೆ

ಸಂಡೂರಿನ ಅದಿರು ಲಾರಿ ಪರ್ಮಿಟ್ ಇಲ್ಲದೆ ಗಣಿ ದಾಟುವಂತಿಲ್ಲ ಎಂಬುದನ್ನು ಬಳ್ಳಾರಿ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಮೆರಿಕದಲ್ಲಿ ಚಿಪ್, ಎಐ, ಟೆಲಿಕಾಂ, ವಿಮಾನ ತಂತ್ರಜ್ಞಾನದ ಕೆಲಸದಲ್ಲಿರುವವರು ಇನ್ನೊಂದು ಮಾತು ತಿಳಿದಿರಬೇಕು: ಅಲ್ಲಿ ಪರ್ಮಿಟ್ ಸರಕಿಗಷ್ಟೇ ಅಲ್ಲ, ವಿದ್ಯೆಗೂ ಬೇಕು. ಹಡಗು ಹತ್ತಬೇಕಾಗಿಲ್ಲ, ಪಕ್ಕದ ಕುರ್ಚಿಯವರಿಗೆ ನಕ್ಷೆ ತೋರಿಸಿದರೂ ಕಾನೂನಿನ ಕಣ್ಣಿಗೆ ಅದು ರಫ್ತು.

ಇದೆಲ್ಲ ಬಿಗಿಯಾದದ್ದು ಚೀನಾ ಜೊತೆಗಿನ ಪೈಪೋಟಿಯಿಂದ. 2019ರ ಮೇನಲ್ಲಿ ಚೀನಾದ ಟೆಲಿಕಾಂ ಕಂಪನಿ ಹುವಾವೇಯನ್ನು ಅಮೆರಿಕದ ವಾಣಿಜ್ಯ ಇಲಾಖೆ ನಿರ್ಬಂಧಿತರ ಪಟ್ಟಿಗೆ ಸೇರಿಸಿತು. 2022ರ ಅಕ್ಟೋಬರ್ 7ರಂದು ಎಐಗೆ ಬಳಸುವ ಮೇಲ್ದರ್ಜೆಯ ಚಿಪ್‌ಗಳಿಗೂ ಅವನ್ನು ತಯಾರಿಸುವ ಯಂತ್ರಗಳಿಗೂ ಬೇಲಿ ಹಾಕಿತು. ಅದೇ ಚಿಪ್ ಕ್ಷಿಪಣಿ ವಿನ್ಯಾಸಕ್ಕೂ ಅಣ್ವಸ್ತ್ರದ ಲೆಕ್ಕಾಚಾರಕ್ಕೂ ನೆರವಾಗುತ್ತದೆ ಎಂಬುದು ಅವರು ಕೊಡುವ ಕಾರಣ. ಚೀನಾವೂ ಸುಮ್ಮನಿರಲಿಲ್ಲ: 2023ರ ಆಗಸ್ಟ್‌ನಿಂದ ಚಿಪ್ ತಯಾರಿಕೆಗೆ ಬೇಕಾದ ಗ್ಯಾಲಿಯಂ, ಜರ್ಮೇನಿಯಂ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು.

ನಿಮಗೆ ನೇರವಾಗಿ ತಟ್ಟುವುದು 'ಡೀಮ್ಡ್ ಎಕ್ಸ್‌ಪೋರ್ಟ್' ನಿಯಮ. ನಿಯಂತ್ರಿತ ತಂತ್ರಜ್ಞಾನವನ್ನೋ ಸೋರ್ಸ್ ಕೋಡನ್ನೋ ಅಮೆರಿಕದ ನೆಲದಲ್ಲೇ ವಿದೇಶಿಯೊಬ್ಬರಿಗೆ ಕೊಟ್ಟರೆ, ಅದನ್ನು ಅವರ ದೇಶಕ್ಕೇ ಕಳಿಸಿದಂತೆ ಎಣಿಸುತ್ತಾರೆ. ವಾಣಿಜ್ಯ ಇಲಾಖೆ ನೋಡುವುದು ತೀರ ಇತ್ತೀಚಿನ ಪೌರತ್ವ ಅಥವಾ ಕಾಯಂ ವಾಸದ ದೇಶವನ್ನು. ರಾಯಚೂರಿನವರೇ ಆದರೂ ಕೆನಡಾ ಪೌರತ್ವ ಪಡೆದಿದ್ದರೆ ಇಲ್ಲಿ ಕೆನಡಾದವರು. ಸೇನಾ ಸಾಮಗ್ರಿಯ ನಿಯಮ, ಅಂದರೆ ಐಟಾರ್, ಇನ್ನೂ ಕಠಿಣ. ಹಳೆಯ ಪೌರತ್ವಗಳನ್ನೂ ಅದು ಬಿಡುವುದಿಲ್ಲ.

ಎಚ್-1ಬಿ, ಎಲ್-1, ಒ-1ಎ ವೀಸಾಗೆ ಕಂಪನಿ ತುಂಬುವ ಐ-129 ಅರ್ಜಿಯ ಆರನೇ ಭಾಗದಲ್ಲಿ, ನಿಮಗೆ ಕೊಡುವ ತಂತ್ರಜ್ಞಾನಕ್ಕೆ ಲೈಸೆನ್ಸ್ ಬೇಕೋ ಬೇಡವೋ ಎಂದು ದೃಢೀಕರಿಸಬೇಕು. ಆ ಪುಟದ ಪ್ರತಿ ಕೇಳಿ ಇಟ್ಟುಕೊಳ್ಳಿ. ಆಮೇಲೆ ಕಂಪನಿಯ ರಫ್ತು ನಿಯಮಪಾಲನೆ ವಿಭಾಗಕ್ಕೆ ಬರೆದು, ನಿಮ್ಮ ಪ್ರಾಜೆಕ್ಟಿನ ಇಸಿಸಿಎನ್ ಏನೆಂದು ಕೇಳಿ. ಇದು ರಫ್ತು ನಿಯಂತ್ರಣ ಪಟ್ಟಿಯಲ್ಲಿನ ವರ್ಗವನ್ನು ಸೂಚಿಸುವ ಐದು ಅಕ್ಷರ-ಅಂಕಿಗಳ ಸಂಕೇತ: 3ಎ090 ಅಂದರೆ ಮೇಲ್ದರ್ಜೆಯ ಚಿಪ್, 5ಎ002 ಅಂದರೆ ಎನ್‌ಕ್ರಿಪ್ಷನ್ ಇರುವ ಉಪಕರಣ. 'ಇಎಆರ್99', ಅಂದರೆ ಆ ಪಟ್ಟಿಯಲ್ಲಿ ಹೆಸರಿಲ್ಲದ್ದು, ಎಂದು ಉತ್ತರ ಬಂದರೆ ಬಹುಪಾಲು ನಿರಾಳ. 2018ರ ಆಗಸ್ಟ್‌ನಲ್ಲಿ ಅಮೆರಿಕ ಭಾರತವನ್ನು, ಆಪ್ತ ದೇಶಗಳಿಗೆ ಲೈಸೆನ್ಸ್ ವಿನಾಯಿತಿ ಕೊಡುವ ಎಸ್‌ಟಿಎ-1 ದರ್ಜೆಗೆ ಏರಿಸಿದ್ದರಿಂದ ನಮ್ಮವರಿಗೆ ಹಲವು ಬಾಬತ್ತುಗಳಲ್ಲಿ ಲೈಸೆನ್ಸ್ ಬೇಕಾಗದೆಯೂ ಹೋಗಬಹುದು. ಆದರೆ ಅದು ತಾನಾಗಿಯೇ ಸಿಗುವುದಿಲ್ಲ. ಮೊದಲು ನೀವು ಕಂಪನಿಗೆ ಲಿಖಿತ ಹೇಳಿಕೆ ಕೊಟ್ಟಿರಬೇಕು. ಈ ಕಾಗದವೇ ಅನೇಕ ಕಡೆ ತಪ್ಪಿಹೋಗುತ್ತದೆ.

ಹೆಚ್ಚು ಎಡವಟ್ಟಾಗುವುದು ರಜೆಗೆ ಊರಿಗೆ ಬಂದಾಗ. ಕಂಪನಿಯ ಲ್ಯಾಪ್‌ಟಾಪ್ ತರಲು 'ಟಿಎಂಪಿ' ಎಂಬ ತಾತ್ಕಾಲಿಕ ವಿನಾಯಿತಿ ಇದೆ: ಒಂದು ವರ್ಷದೊಳಗೆ ವಾಪಸ್ ಒಯ್ಯಬೇಕು, ಅಲ್ಲಿಯವರೆಗೆ ಅದು ನಿಮ್ಮ ಕೈಯಲ್ಲೋ ಬೀಗದೊಳಗೋ ಇರಬೇಕು. ಅದನ್ನು ಕೊಪ್ಪಳದ ಮನೆಯ ಜಗಲಿಯ ಮೇಲೆ ಬಿಟ್ಟು ಗವಿಸಿದ್ಧೇಶ್ವರ ಜಾತ್ರೆಗೆ ಹೋದರೆ ಷರತ್ತು ಮುರಿದಂತೆ. ಎಲ್ಲ ತಂತ್ರಜ್ಞಾನಕ್ಕೂ ಈ ವಿನಾಯಿತಿ ಇಲ್ಲ. ಹೊಸಪೇಟೆಯಿಂದ ಲಾಗಿನ್ ಆಗಿ ಕೋಡ್ ಇಳಿಸಿಕೊಂಡರೆ ಅದು ಭಾರತಕ್ಕೆ ನಿಜವಾದ ರಫ್ತೇ. ಹೊರಡುವ ಮುನ್ನ ಬರವಣಿಗೆಯಲ್ಲಿ ಅನುಮತಿ ಪಡೆಯಿರಿ, ಇಲ್ಲವೇ ಖಾಲಿ ಲ್ಯಾಪ್‌ಟಾಪ್ ಕೇಳಿ. ವೀಸಾ ಸ್ಟಾಂಪಿಂಗ್‌ಗೆ ಹೈದರಾಬಾದಿಗೆ ಹೋಗುವವರು ಬಯೋಡೇಟಾ, ಪ್ರಕಟಿತ ಲೇಖನಗಳ ಪಟ್ಟಿ, ಕೆಲಸವನ್ನು ಸರಳವಾಗಿ ವಿವರಿಸುವ ಕಂಪನಿ ಪತ್ರ ಒಯ್ಯಬೇಕು. ಸೂಕ್ಷ್ಮ ತಂತ್ರಜ್ಞಾನದವರ ಅರ್ಜಿಯನ್ನು ವಲಸೆ ಕಾನೂನಿನ 221(ಜಿ) ಕಲಮಿನಡಿ ತಡೆಹಿಡಿದು ಪರಿಶೀಲಿಸುವುದುಂಟು. ವಾಪಸ್ ಟಿಕೆಟ್ ಬದಲಾಯಿಸಲು ಬರುವಂಥದ್ದೇ ಇರಲಿ.

ತಪ್ಪಾಗಿದೆ ಅನ್ನಿಸಿದರೆ ಫೈಲ್ ಅಳಿಸಬೇಡಿ. ಅಳಿಸಿದರೆ ಮರೆಮಾಚಿದಂತಾಗುತ್ತದೆ. ಅದೇ ದಿನ ನಿಯಮಪಾಲನೆ ವಿಭಾಗಕ್ಕೆ ತಿಳಿಸಿ. ತಾವಾಗಿ ಒಪ್ಪಿಕೊಂಡ ಕಂಪನಿಗೆ ದಂಡ ಕಡಿಮೆಯಾಗಬಹುದು. ಬೇಕೆಂದೇ ಮಾಡಿದ ಉಲ್ಲಂಘನೆಗೆ 20 ವರ್ಷದವರೆಗೆ ಜೈಲು, 10 ಲಕ್ಷ ಡಾಲರ್‌ವರೆಗೆ ದಂಡವಿದೆ.

ಗ್ರೀನ್ ಕಾರ್ಡ್ ಬಂದರೆ ಡೀಮ್ಡ್ ಎಕ್ಸ್‌ಪೋರ್ಟ್ ನಿಯಮ ನಿಮಗೆ ಅನ್ವಯಿಸುವುದಿಲ್ಲ. ಆದರೆ ಆಗ ಇನ್ನೊಂದು ಕಟ್ಟು ಬೀಳುತ್ತದೆ. ಚೀನಾದ ಮೇಲ್ದರ್ಜೆಯ ಚಿಪ್ ಕಾರ್ಖಾನೆಗೆ ನೆರವಾಗಲು ನೀವು ಜಗತ್ತಿನ ಎಲ್ಲೇ ಇದ್ದರೂ ಲೈಸೆನ್ಸ್ ಬೇಕು. 2025ರ ಜನವರಿ 2ರಿಂದ ಚೀನಾದ ಚಿಪ್, ಕ್ವಾಂಟಂ, ಎಐ ಕಂಪನಿಗಳಲ್ಲಿ ಖಾಸಗಿ ಬಂಡವಾಳ ಹೂಡುವುದಕ್ಕೂ ನಿರ್ಬಂಧವಿದೆ. ಇದು ವೀಸಾ ಮೇಲೆ ಅಮೆರಿಕದಲ್ಲಿರುವವರಿಗೂ ಅನ್ವಯ. ಷೇರುಪೇಟೆಯಲ್ಲಿ ಬಿಕರಿಯಾಗುವ ಷೇರುಗಳಿಗೆ ಸಾಮಾನ್ಯವಾಗಿ ವಿನಾಯಿತಿ ಇದೆ. ಗೆಳೆಯರ ಸ್ಟಾರ್ಟಪ್ ಫಂಡಿಗೆ ದುಡ್ಡು ಹಾಕುವ ಮುನ್ನ ಅದು ಎಲ್ಲಿ ಹೂಡುತ್ತದೆಂದು ಲಿಖಿತವಾಗಿ ಕೇಳಿ.

ಊರಿಗೆ ದುಡ್ಡು ಕಳಿಸುವಲ್ಲೂ ಈ ಪೈಪೋಟಿಯ ನೆರಳಿದೆ. ಡಾಲರ್ ವ್ಯವಹಾರಗಳಲ್ಲಿ ಹೆಚ್ಚಿನವು ಅಮೆರಿಕದ ಬ್ಯಾಂಕುಗಳ ಮೂಲಕವೇ ಹಾಯುವುದರಿಂದ ಅಲ್ಲಿನ ಖಜಾನೆ ಇಲಾಖೆಯ ಒಫ್ಯಾಕ್ ಕಚೇರಿಯ ನಿರ್ಬಂಧಿತರ ಪಟ್ಟಿಗೆ ಅಷ್ಟು ಬಲ. 2022ರ ಮಾರ್ಚ್‌ನಲ್ಲಿ ರಷ್ಯಾದ 7 ಬ್ಯಾಂಕುಗಳನ್ನು ಬ್ಯಾಂಕುಗಳ ನಡುವೆ ಪಾವತಿ ಸಂದೇಶ ಸಾಗಿಸುವ ಬೆಲ್ಜಿಯಂನ ಸ್ವಿಫ್ಟ್ ಜಾಲದಿಂದ ಹೊರಹಾಕಿದ್ದೂ ಇದೇ ಬಗೆಯ ಅಸ್ತ್ರ. ಬ್ಯಾಂಕು ಪ್ರತಿ ಹೆಸರನ್ನೂ ಒಫ್ಯಾಕ್ ಪಟ್ಟಿಗೆ ಹೋಲಿಸುತ್ತದೆ. ರಾಯಚೂರಿನ ಹುಸೇನ್, ಖಾನ್ ಮನೆತನದವರ ಹಣ ಹೆಸರಿನ ಹೋಲಿಕೆ ಒಂದರಿಂದಲೇ ನಿಲ್ಲಬಹುದು. ತಂದೆಗೆ ಕಳಿಸುವಾಗ ಇನಿಷಿಯಲ್ ಬಿಟ್ಟು, ಅವರ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿರುವ ಪೂರ್ತಿ ಹೆಸರನ್ನೇ ಬರೆಯಿರಿ. ವಿವರದ ಜಾಗದಲ್ಲಿ 'ಮನೆ ಖರ್ಚು' ಎಂಬಂಥ ನಿಜವಾದ ಕಾರಣ ಸಾಕು. ಹಣ ನಿಂತರೆ ಮತ್ತೊಮ್ಮೆ ಬೇರೆ ದಾರಿಯಲ್ಲಿ ಕಳಿಸಬೇಡಿ. ಪಡೆಯುವವರ ಜನ್ಮದಿನಾಂಕ, ವಿಳಾಸ, ಗುರುತಿನ ಚೀಟಿಯ ಪ್ರತಿ ಒದಗಿಸಿ, ಬ್ಯಾಂಕು ಕೊಟ್ಟ ಪ್ರಕರಣದ ಸಂಖ್ಯೆ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅದೇ ಹೆಸರಿಗೆ ತಡೆ ಬಿದ್ದಾಗ ಆ ಸಂಖ್ಯೆ ಕೆಲಸಕ್ಕೆ ಬರುತ್ತದೆ.