ಚಳಿನಾಡಿನ ಮನೆಗೆ ಕೊಡಗಿನಿಂದ ಒಂದು ಕಾರ್ಡು

ಡಿಸೆಂಬರ್ ಮೂರನೇ ವಾರದಲ್ಲಿ ಸ್ಟಾಕ್‌ಹೋಮಿನಲ್ಲಿ ಮಧ್ಯಾಹ್ನ ಮೂರಕ್ಕೆ ಮೊದಲೇ ಹೊತ್ತು ಮುಳುಗುತ್ತದೆ, ಲಂಡನ್ನಿನಲ್ಲಿ ನಾಲ್ಕಕ್ಕೆ ಮೊದಲು. ಅಂಥ ಊರಲ್ಲಿರುವ ಮಗಳಿಗೋ ತಮ್ಮನಿಗೋ ಇಲ್ಲಿಂದ ದಿನವೂ ವಿಡಿಯೋ ಕಾಲ್ ಹೋಗುತ್ತಿರುತ್ತದೆ, ಅದು ಬೇಕು. ಆದರೆ ಕೆಲಸ ಮುಗಿಸಿ ಕತ್ತಲಲ್ಲಿ ಮನೆಗೆ ಬಂದಾಗ ಅಂಚೆ ಡಬ್ಬಿಯಲ್ಲಿ ಕೈಗೆ ಸಿಗುವ ಕಾರ್ಡಿನ ಸುಖವೇ ಬೇರೆ. ಕಾಲ್ ಮುಗಿದುಹೋಗುತ್ತದೆ, ಕಾರ್ಡು ಚಳಿಗಾಲವಿಡೀ ಅಡುಗೆಮನೆಯ ಗೋಡೆ ಮೇಲಿರುತ್ತದೆ.

ಮೊದಲು ದಿನದ ಲೆಕ್ಕ. ಹೊರದೇಶಕ್ಕೆ ಹೋಗುವ ಸಾಮಾನ್ಯ ಕಾರ್ಡಿಗೆ ಎರಡರಿಂದ ನಾಲ್ಕು ವಾರ ಹಿಡಿಯಿರಿ. ಡಿಸೆಂಬರಿನಲ್ಲಿ ಎಲ್ಲ ಕಡೆ ಅಂಚೆ ತುಂಬಿರುವುದರಿಂದ ಇನ್ನೂ ತಡ. ಕ್ರಿಸ್‌ಮಸ್ ಹೊತ್ತಿಗೆ ತಲುಪಬೇಕಾದರೆ ನವೆಂಬರ್ 15ರ ಒಳಗೆ ಹಾಕಿಬಿಡಿ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ, ಹೊಸ ಭತ್ತದ ಕದಿರು ಮನೆಗೆ ತರುವ ದಿನ, ಬರುವುದು ನವೆಂಬರ್ ಕೊನೆಗೋ ಡಿಸೆಂಬರಿಗೋ. ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ ದಿನ ಗೊತ್ತುಮಾಡಿದ ಮೇಲೆಯೇ ಅದು ನಿಶ್ಚಯ. ಹಾಗಾಗಿ ಕದಿರು ತೆಗೆದ ಮರುದಿನ ಬರೆದ ಕಾರ್ಡು ಹೊಸ ವರ್ಷ ಕಳೆದು ತಲುಪುತ್ತದೆ. ಅದಕ್ಕೆ ಬೇಸರ ಬೇಡ. ಅಲ್ಲಿ ಬೀದಿಯ ದೀಪಾಲಂಕಾರ ಇಳಿಸಿ, ರಜೆಗೆ ಬಂದವರೆಲ್ಲ ಹೊರಟುಹೋಗುವ ಜನವರಿಯೇ ಚಳಿಗಾಲದ ಖಾಲಿ ತಿಂಗಳು. ಜನವರಿಯಲ್ಲಿ ಸಿಗುವ ಕಾರ್ಡಿಗೆ ಬೆಲೆ ಹೆಚ್ಚು.

ಕಾರ್ಡಿನ ಅಳತೆ 10 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಉದ್ದ ಇರಲಿ. ಕಾಗದ 250ರಿಂದ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ದಪ್ಪದ ಲೆಕ್ಕ). 200ಕ್ಕಿಂತ ತೆಳುವಾದದ್ದು ಅಂಚೆ ವಿಂಗಡಿಸುವ ಯಂತ್ರದ ಉರುಳೆಗಳಲ್ಲಿ ಮಡಚಿಕೊಳ್ಳುತ್ತದೆ. ಪ್ರವಾಸಿಗರಿಗೆ ಮಾರುವ ಅಬ್ಬಿ ಜಲಪಾತದ ಚಿತ್ರ ಸಿಕ್ಕರೆ ಆದೀತು. ಮನೆಯಲ್ಲೇ ಮಾಡುವುದಾದರೆ ಕಾಫಿಯನ್ನೇ ಬಣ್ಣ ಮಾಡಿಕೊಳ್ಳಿ. ಕೊಡಗಿನ ಕಾರ್ಡಿಗೆ ಅದಕ್ಕಿಂತ ಒಪ್ಪುವ ಬಣ್ಣವಿಲ್ಲ.

ಎರಡು ಟೀ ಚಮಚ ಇನ್‌ಸ್ಟಂಟ್ ಕಾಫಿ ಪುಡಿಗೆ ಒಂದು ಚಮಚ ಬಿಸಿನೀರು ಹಾಕಿ ಕದಡಿದರೆ ಕಡುಬಣ್ಣ. ಅದರಲ್ಲಿ ಸ್ವಲ್ಪ ಬೇರೆ ಬಟ್ಟಲಿಗೆ ತೆಗೆದು ಎರಡು ಚಮಚ ನೀರು ಬೆರೆಸಿದರೆ ನಡುಬಣ್ಣ. ಅದಕ್ಕೂ ನೀರು ಕೂಡಿಸಿ ಮೂರನೇ ಬಟ್ಟಲಲ್ಲಿ ತೆಳುಬಣ್ಣ. ಪುಡಿಯಲ್ಲಿ ಚಿಕೋರಿ ಇರಬಾರದು, ಪ್ಯಾಕೆಟ್ ಮೇಲೆ ಓದಿ ನೋಡಿ. ಚಿಕೋರಿಯಲ್ಲಿರುವ ಸಕ್ಕರೆಯ ಅಂಶ ಗಾಳಿಯ ತೇವ ಹೀರಿ ಚಿತ್ರವನ್ನು ಅಂಟಂಟು ಮಾಡುತ್ತದೆ. ಮನೆಯ ಫಿಲ್ಟರ್ ಡಿಕಾಕ್ಷನ್ನೇ ಬೇಕೆಂದರೆ ಅದೂ ಚಿಕೋರಿ ಸೇರದ ಪುಡಿಯದ್ದಾಗಿರಲಿ. ಬಟ್ಟೆಯಲ್ಲಿ ಸೋಸಿ, ಸಣ್ಣ ಉರಿಯಲ್ಲಿ ಕಾಲು ಭಾಗಕ್ಕೆ ಇಳಿಸಿ.

ಮಂಜಿನಲ್ಲಿ ನಿಂತ ಸಿಲ್ವರ್ ಓಕ್ ಸಾಲು ಬರೆಯಲು ಈ ಮೂರೇ ಬಣ್ಣ ಸಾಕು. ದೂರದ ಮರಗಳು ತೆಳುಬಣ್ಣದಲ್ಲಿ, ಅಂಚು ಸ್ಪಷ್ಟವಿಲ್ಲದೆ. ಹತ್ತು ನಿಮಿಷ ಒಣಗಿಸಿ ನಡುವಿನ ಸಾಲು. ಮತ್ತೆ ಒಣಗಿದ ಮೇಲೆ ಎದುರಿಗಿನ ಒಂದೇ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕಡುಬಣ್ಣದಲ್ಲಿ. ಒಣಗುವ ಮೊದಲೇ ಮೇಲೆ ಹಚ್ಚಿದರೆ ಮೂರೂ ಕಲೆತು ಕೆಸರಾಗುತ್ತದೆ. ಕಡುಬಣ್ಣ ಹನಿಯಾಗಿ ನಿಂತಲ್ಲಿ ಬಟ್ಟೆಯ ತುದಿಯಿಂದ ಒತ್ತಿ ತೆಗೆಯಿರಿ. ದಪ್ಪಗೆ ನಿಂತ ಕಾಫಿ ಹೊಳೆಯುತ್ತಾ ಜಿಗುಟಾಗಿಯೇ ಉಳಿದು ಪಕ್ಕದ ಕಾಗದಕ್ಕೆ ಅಂಟಿಕೊಳ್ಳುತ್ತದೆ. ಒಂದು ರಾತ್ರಿ ಒಣಗಿದ ಚಿತ್ರದ ಮೇಲೆ ಬಿಳಿ ಮೇಣದಬತ್ತಿಯನ್ನು ಹಗುರವಾಗಿ ಉಜ್ಜಿ, ಮೆತ್ತನೆ ಬಟ್ಟೆಯಿಂದ ಒರೆಸಿ. ಹಿಮದ ಹನಿ ಬಿದ್ದರೂ ಸ್ವಲ್ಪ ತಡೆಯುತ್ತದೆ. ಬರೆಯುವ ಬದಿಗೆ ಮೇಣ ತಾಗಬಾರದು, ಶಾಯಿಯೂ ಹಿಡಿಯದು, ಸ್ಟಾಂಪೂ ಹಿಡಿಯದು.

ಕಾಫಿ ಬೀಜ, ಒಣಗಿದ ಹೂವು, ಎಲೆ ಅಂಟಿಸುವ ಆಸೆ ಬೇಡ. ಉಬ್ಬಿದ್ದು ಯಂತ್ರದಲ್ಲಿ ಕಿತ್ತುಹೋಗುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ದೇಶಗಳಲ್ಲಿ ಹೊರಗಿನ ಬೀಜ, ಗಿಡದ ಭಾಗಗಳಿಗೆ ಬಲು ಕಟ್ಟುನಿಟ್ಟು, ಕಾರ್ಡನ್ನೇ ತಡೆಹಿಡಿದಾರು. ಎಲೆಯೇ ಬೇಕಿದ್ದರೆ ಕಾಫಿ ಎಲೆಯನ್ನು ಬೋರಲಾಗಿ ಕಾಗದದ ಕೆಳಗಿಟ್ಟು ಪೆನ್ಸಿಲ್ ಮಲಗಿಸಿ ಉಜ್ಜಿ, ನರಗಳೆಲ್ಲ ಮೂಡುತ್ತವೆ. ದಪ್ಪ ಕಾರ್ಡಿನಲ್ಲಿ ಮೂಡುವುದಿಲ್ಲ. ತೆಳು ಕಾಗದದ ಮೇಲೆ ಮಾಡಿ, ಆಮೇಲೆ ಪೂರ್ತಿ ಅಂಟಿಸಿ.

ಹಿಂಬದಿಯಲ್ಲಿ ನಡುವೆ ಒಂದು ಗೆರೆ. ಎಡಕ್ಕೆ ಮಾತು, ಬಲಕ್ಕೆ ವಿಳಾಸ, ಬಲ ಮೇಲ್ತುದಿಗೆ ಸ್ಟಾಂಪು. ಕೆಳಗಿನ ಎರಡು ಸೆಂಟಿಮೀಟರ್ ಖಾಲಿ ಬಿಡಿ, ಎಷ್ಟೋ ದೇಶಗಳಲ್ಲಿ ಯಂತ್ರ ಅಲ್ಲಿ ಬಾರ್‌ಕೋಡ್ ಒತ್ತುತ್ತದೆ. ಬರೆಯಲು ಬಾಲ್ ಪೆನ್. ಜೆಲ್ ಪೆನ್ನೂ ಶಾಯಿ ಪೆನ್ನೂ ಒದ್ದೆಯಾದರೆ ಹರಡುತ್ತವೆ, ವಿಳಾಸವೇ ಅಳಿಸಿದರೆ ಕಾರ್ಡು ಎಲ್ಲಿಗೂ ಹೋಗುವುದಿಲ್ಲ.

ಅತಿ ಹೆಚ್ಚು ತಪ್ಪುವುದು ವಿಳಾಸದಲ್ಲೇ. ವಿಳಾಸ ಇಂಗ್ಲಿಷ್ ಲಿಪಿಯಲ್ಲಿ, ಕೊನೆಯ ಸಾಲಿನಲ್ಲಿ ದೇಶದ ಹೆಸರು ದೊಡ್ಡಕ್ಷರದಲ್ಲಿ. ‘ಏರ್ ಮೇಲ್’ ಎಂದೂ ಬರೆಯಿರಿ. ಕೊಡಗಿನಲ್ಲಿ ಒಕ್ಕದ, ಅಂದರೆ ಮನೆತನದ ಹೆಸರು, ಊರು, ಪೋಸ್ಟು ಇದ್ದರೆ ಅಂಚೆಯಣ್ಣ ತೋಟದ ಒಳಗಿನ ಮನೆಗೂ ಬರುತ್ತಾನೆ. ಜರ್ಮನಿಯ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಮನೆ ನಂಬರೇ ಇರುವುದಿಲ್ಲ, ಡಬ್ಬಿ ಮೇಲೆ ಅಂಟಿಸಿದ ಹೆಸರು ನೋಡಿಯೇ ಹಾಕುವುದು. ಇಲ್ಲಿಂದ ಮುದ್ದಿನ ಹೆಸರನ್ನೋ, ಪಾಸ್‌ಪೋರ್ಟಿನಲ್ಲಿಲ್ಲದ ಒಕ್ಕದ ಹೆಸರನ್ನೋ ಬರೆದರೆ ಕಾರ್ಡು ವಾಪಸ್. ಆದ್ದರಿಂದ ಡಬ್ಬಿಯ ಫೋಟೊ ತರಿಸಿಕೊಂಡು ಅಕ್ಷರಕ್ಕಕ್ಷರ ನಕಲು ಮಾಡಿ. ಬಾಡಿಗೆಗೆ ಇನ್ನೊಬ್ಬರ ಜೊತೆ ಇದ್ದರೆ ಡಬ್ಬಿಯಲ್ಲಿರುವ ಹೆಸರನ್ನೂ ‘ಕೇರ್ ಆಫ್’ ಎಂದು ಸೇರಿಸಿ. ಜರ್ಮನಿ, ಸ್ವೀಡನ್‌ಗಳಲ್ಲಿ ಐದಂಕಿಯ ಕೋಡ್ ಊರಿನ ಹೆಸರಿಗಿಂತ ಮುಂಚೆ ಬರುತ್ತದೆ. ಕೆನಡಾದಲ್ಲಿ ಅಕ್ಷರ, ಅಂಕಿ ಒಂದಾದ ಮೇಲೊಂದು. ಅಲ್ಲಿನ ಕೋಡಿನಲ್ಲಿ ‘ಓ’ ಅಕ್ಷರವನ್ನು ಬಳಸುವುದೇ ಇಲ್ಲ, ದುಂಡಗೆ ಕಂಡದ್ದು ಸೊನ್ನೆಯೇ.

ಮಾತಿಗೆ ಉಳಿಯುವುದು ಅಂಗೈಯಷ್ಟು ಜಾಗ, ಎಂಟೊಂಬತ್ತು ಸಾಲು, ಮೂವತ್ತು ನಲವತ್ತು ಪದ. ‘ಎಲ್ಲರೂ ಕ್ಷೇಮ, ಆರೋಗ್ಯ ನೋಡಿಕೊ’ ಎಂದರೆ ಅದರಲ್ಲೇ ಅರ್ಧ ಮುಗಿಯಿತು, ಅದನ್ನು ಫೋನಿನಲ್ಲಿ ಹೇಳಿಯಾಗಿದೆ. ಒಂದು ಕಾರ್ಡಿಗೆ ಒಂದೇ ಸಂಗತಿ, ಆ ದಿನ ಕಣ್ಣಿಗೆ ಬಿದ್ದದ್ದು. ಹೀಗೆ: ‘ಒಂಬತ್ತೂವರೆವರೆಗೂ ಮಂಜು ಬಿಡಲಿಲ್ಲ. ಕಣದಲ್ಲಿ ಟಾರ್ಪಲ್ ಎತ್ತಿದಾಗ ಕಾಫಿ ಮೇಲಿಂದ ಹಬೆ ಎದ್ದಿತು. ಅಪ್ಪ ನಿನ್ನ ಹಳೇ ಸ್ವೆಟರ್ ಹಾಕಿಕೊಂಡು ಕಾಫಿ ತಿರುವುತ್ತಿದ್ದಾರೆ. ತೋಳು ಗಿಡ್ಡ.’ ಮನೆಯಲ್ಲಿ ಕೊಡವ ತಕ್ಕೋ ಅರೆಭಾಷೆಯೋ ಆಡುವವರು ಕಾರ್ಡನ್ನೂ ಅದರಲ್ಲೇ ಬರೆಯಲಿ, ಕನ್ನಡ ಲಿಪಿ ಎರಡಕ್ಕೂ ಸಾಕು. ಮೂಲೆಯಲ್ಲಿ 1, 2, 3 ಎಂದು ನಂಬರ್ ಹಾಕುತ್ತಾ ಹೋಗಿ. ಸಾಮಾನ್ಯ ಕಾರ್ಡಿಗೆ ಟ್ರ್ಯಾಕಿಂಗ್ ಇರುವುದಿಲ್ಲ, ನಂಬರ್ ಇದ್ದರೆ ಯಾವುದು ಕಳೆಯಿತು ಎಂದಾದರೂ ತಿಳಿಯುತ್ತದೆ. ಬಿಚ್ಚೋಲೆ ಅಲ್ಲವೇ, ದುಡ್ಡು, ಬ್ಯಾಂಕಿನ ವಿಷಯ ಬೇಡ.

ಒಳನಾಡಿನ ಅಂಚೆ ಕಾರ್ಡಿನ 50 ಪೈಸೆ ಇಲ್ಲಿ ನಡೆಯದು. ಹೊರದೇಶದ ದರ ಬೇರೆ, ಆಗಾಗ ಬದಲಾಗುತ್ತದೆ, ಹಾಕುವ ದಿನವೇ ಕೌಂಟರಿನಲ್ಲಿ ಕೇಳಿ. ಆ ದೇಶಕ್ಕೆ ಅಂಚೆ ಸದ್ಯ ಹೋಗುತ್ತಿದೆಯೇ ಎಂದೂ ಕೇಳಿ. ಹಳ್ಳಿಯ ಬ್ರಾಂಚ್ ಆಫೀಸಿನಲ್ಲಿ ಅಷ್ಟು ಬೆಲೆಯ ಸ್ಟಾಂಪ್ ಇಲ್ಲದಿರಬಹುದು, ಮಡಿಕೇರಿಯ ಪ್ರಧಾನ ಅಂಚೆ ಕಚೇರಿಗೆ ಹೋದಾಗ ಹತ್ತು ಕಾರ್ಡಿಗಾಗುವಷ್ಟು ತಂದಿಡಿ. ಬೆಣ್ಣೆ ಕಾಗದದ ನಡುವೆ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ. ಇಲ್ಲವಾದರೆ ಮುಂದಿನ ಮಳೆಗಾಲಕ್ಕೆ ಒಂದಕ್ಕೊಂದು ಅಂಟಿ ಕೂತಿರುತ್ತವೆ. ಗೋಂದು ಹಚ್ಚುವಾಗ ತೆಳುವಾಗಿ, ಅಂಚಿನವರೆಗೆ. ಹೆಚ್ಚಾದರೆ ಹೊರಗೆ ಜಿನುಗಿ ಪಕ್ಕದ ಕಾರ್ಡು ಹಿಡಿದುಕೊಳ್ಳುತ್ತದೆ.

ಇನ್ನು ಅತ್ತ ಕಡೆಯವರಿಗೆ. ಒದ್ದೆಯಾಗಿ ಬಂದ ಕಾರ್ಡನ್ನು ಹೀಟರ್ ಮೇಲಿಡಬೇಡಿ, ಸುರುಳಿ ಸುತ್ತುತ್ತದೆ. ಎರಡು ಟಿಶ್ಯೂ ನಡುವೆ ಇಟ್ಟು ಮೇಲೆ ಭಾರದ ಪುಸ್ತಕ ಹೇರಿ, ಒಂದು ರಾತ್ರಿ ಬಿಡಿ. ಕಿಟಕಿ ಗಾಜಿಗೆ ಒರಗಿಸಲೂ ಬೇಡಿ. ಒಳಗಿನ ಬಿಸಿಗಾಳಿಯ ತೇವ ತಣ್ಣನೆ ಗಾಜಿಗೆ ತಾಗಿ ನೀರಾಗಿ ಇಳಿಯುತ್ತದೆ, ವಾರದಲ್ಲಿ ಬೂಸ್ಟು ಬರುತ್ತದೆ. ಒಳಗೋಡೆಗೆ ದಾರ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ತೂಗುಹಾಕಿ.

ಕಾರ್ಡು ಬಂದ ಸಂಜೆ ಫಿಲ್ಟರ್ ಕಾಫಿ ಆಗಲೇಬೇಕು. ತಣ್ಣನೆ ಅಡುಗೆಮನೆಯಲ್ಲಿ ಸ್ಟೀಲ್ ಫಿಲ್ಟರ್ ಬೇಗ ಆರಿ ಡಿಕಾಕ್ಷನ್ ತೆಳುವಾಗುತ್ತದೆ. ಮೊದಲು ಫಿಲ್ಟರಿಗೆ ಕುದಿನೀರು ಹಾಕಿ ಚೆಲ್ಲಿ, ಒರೆಸಿ, ಆಮೇಲೆ ಪುಡಿ ಹಾಕಿ. ಇಬ್ಬರಿಗೆ ಮೂರು ದೊಡ್ಡ ಚಮಚ ಪುಡಿ, 100 ಮಿಲಿಲೀಟರ್ ನೀರು. ಟವೆಲ್ ಸುತ್ತಿ ಇಪ್ಪತ್ತು ನಿಮಿಷ ಬಿಡಿ. ಊರಿಂದ ತಂದ ಪುಡಿಯನ್ನು ಫ್ರಿಜ್ಜಿನಿಂದ ತೆಗೆದ ತಕ್ಷಣ ಬಿಚ್ಚಿದರೆ ತೇವ ಹಿಡಿದು ಗಂಟಾಗುತ್ತದೆ, ಚಿಕೋರಿ ಪುಡಿಯಾದರೆ ನೀರೇ ಇಳಿಯದು. ಹೊರಗೇ, ಕತ್ತಲಿನ ಕಪಾಟಿನಲ್ಲಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಅಂಗಡಿಯಲ್ಲಿ ಸ್ಪೇನಿನ ಸಣ್ಣ ಕಿತ್ತಳೆ ಬಂದಿರುತ್ತದೆ. ಸುಲಿದ ಸಿಪ್ಪೆಯನ್ನು ಬಿಸಿನೀರು ಹರಿಯುವ ರೇಡಿಯೇಟರ್ ಮೇಲೆ ಹರವಿದರೆ ಕೋಣೆಯೆಲ್ಲ ನಮ್ಮ ಡಿಸೆಂಬರಿನ ಘಮ. ಕರೆಂಟಿನ ಹೀಟರ್ ಮೇಲೆ ಮಾತ್ರ ಏನನ್ನೂ ಇಡಬಾರದು, ಬೆಂಕಿ ಹೊತ್ತಿಕೊಂಡೀತು.

ಮರುಕಾರ್ಡು ಬರೆಯುವಾಗ ಮನೆಯವರ ಹೆಸರಿನ ಜೊತೆ ಒಕ್ಕದ ಹೆಸರು ಬರೆಯಲು ಮರೆಯಬೇಡಿ. ಊರು, ಪೋಸ್ಟು, ಕೊಡಗು ಜಿಲ್ಲೆ, ಕರ್ನಾಟಕ, 571ರಿಂದ ಶುರುವಾಗುವ ಆರಂಕಿಯ ಪಿನ್, ಇಂಡಿಯಾ. ಸಾಮಾನ್ಯ ಸ್ಟಾಂಪಿನ ಬದಲು ಹಿಮದ ಚಿತ್ರವಿರುವುದು ಸಿಕ್ಕರೆ ಅದನ್ನೇ ಹಚ್ಚಿ, ಇಲ್ಲಿ ಅಜ್ಜಿ ಅದನ್ನೇ ಮೊದಲು ನೋಡುವುದು.