ವೆಂಟಿಲೇಟರ್‌ನಲ್ಲಿರುವ ರೋಗಿಯ ಬಾಯಲ್ಲಿ ಜೊಲ್ಲು ತುಂಬಿದಾಗ

ಆರೋಗ್ಯವಂತರ ಬಾಯಲ್ಲಿ ದಿನಕ್ಕೆ 0.5ರಿಂದ 1.5 ಲೀಟರಿನಷ್ಟು ಲಾಲಾರಸ ಸ್ರವಿಸಿದರೂ, ನುಂಗುತ್ತಲೇ ಇರುವುದರಿಂದ ಅದು ಯಾರ ಗಮನಕ್ಕೂ ಬರುವುದಿಲ್ಲ. ಹೀಗಾಗಿ ಉಸಿರಾಟಕ್ಕಾಗಿ ಬಾಯಿಯ ಮೂಲಕ ಶ್ವಾಸನಾಳಕ್ಕೆ ಟ್ಯೂಬ್ ಹಾಕಿದ ರೋಗಿಯ ಬಾಯಿ ತುಂಬಿ ಹರಿಯುತ್ತಿದ್ದರೆ, ಸ್ರಾವವೇ ಹೆಚ್ಚಾಗಿದೆಯೋ ಅಥವಾ ನುಂಗುವುದು ನಿಂತಿದೆಯೋ ಎಂಬುದನ್ನು ಮೊದಲು ತಿಳಿಯಬೇಕು.

ಮಲೆನಾಡಿನ ಐಸಿಯುಗಳಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. ತೀರ್ಥಹಳ್ಳಿ, ಹೊಸನಗರದಂಥ ಕಡೆಯ ಗದ್ದೆ ತೋಟಗಳಲ್ಲಿ ನಾಗರಹಾವೋ ಕಟ್ಟುಹಾವೋ ಕಚ್ಚಿ ಶಿವಮೊಗ್ಗಕ್ಕೆ ಬಂದವರಲ್ಲಿ ಗಂಟಲಿನ ಸ್ನಾಯುಗಳು ಸೋತು, ನುಂಗಲಾಗದೆ ಜೊಲ್ಲು ಬಾಯಲ್ಲೇ ತುಂಬಿಕೊಳ್ಳುತ್ತದೆ. ಆರ್ಗನೋಫಾಸ್ಫೇಟ್ ಕೀಟನಾಶಕ ಸೇವಿಸಿದವರಲ್ಲಿ ಸ್ರಾವವೇ ಉಕ್ಕುತ್ತದೆ, ಜೊತೆಗೆ ಸಾಮಾನ್ಯವಾಗಿ ಕಣ್ಣಿನ ಪಾಪೆ ಕಿರಿದಾಗಿ ಮೈ ಬೆವರುತ್ತದೆ. ಎರಡನೆಯವರಿಗೆ ವೈದ್ಯರು ಸ್ರಾವ ತಗ್ಗಿಸುವ ಅಟ್ರೋಪಿನ್ ಔಷಧ ಏರಿಸುವಾಗ ಆರೈಕೆ ಮಾಡುವ ನೀವು ಮುಖ್ಯವಾಗಿ ಗಮನಿಸಬೇಕಾದದ್ದು ಎದೆಯ ಸದ್ದು, ನಾಡಿಬಡಿತ ಮತ್ತು ರಕ್ತದೊತ್ತಡ. ಪಾಪೆಯ ಗಾತ್ರವೊಂದನ್ನೇ ನಂಬಬಾರದು. ಹಾವು ಕಡಿತಕ್ಕೆ ನಿಯೋಸ್ಟಿಗ್ಮಿನ್ ಕೊಡುತ್ತಿದ್ದರೆ ಆ ಔಷಧವೇ ಜೊಲ್ಲನ್ನು ಹೆಚ್ಚಿಸಬಲ್ಲದೆಂಬುದನ್ನೂ ಮರೆಯಬಾರದು.

ಕಾರಣ ಏನೇ ಇರಲಿ, ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿ, ಟ್ಯೂಬಿನ ಸುತ್ತ ಶ್ವಾಸನಾಳವನ್ನು ಮುಚ್ಚಿಡುವ ಬಲೂನಿನ ಒತ್ತಡವನ್ನು ಮಾಪಕದಿಂದಲೇ ಅಳೆದು 20ರಿಂದ 30 ಸೆಂಟಿಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮನಾಗಿಡಬೇಕು. ಬೆರಳಿನಿಂದ ಒತ್ತಿ ನೋಡಿ ಅಂದಾಜಿಸುವುದು ಸಾಲದು. ಮಗ್ಗುಲು ಬದಲಿಸುವ, ಹಾಸಿಗೆ ತಗ್ಗಿಸುವ ಅಥವಾ ಬಲೂನಿನ ಗಾಳಿ ಬಿಡುವ ಮುನ್ನ ಬಾಯಿಯ ಸಕ್ಷನ್ (ಯಂತ್ರದಿಂದ ದ್ರವ ಹೀರಿ ತೆಗೆಯುವುದು) ಆಗಿರಲೇಬೇಕು, ಏಕೆಂದರೆ ಬಲೂನಿನ ಮೇಲೆ ನಿಂತ ಕೊಳಕು ದ್ರವ ಶ್ವಾಸಕೋಶಕ್ಕೆ ಜಾರುವ ಅಪಾಯ ಆಗಲೇ ಹೆಚ್ಚು. ಕೆನ್ನೆಯ ಒಳಬದಿ ಮತ್ತು ನಾಲಿಗೆಯ ಅಡಿಯಿಂದ ಮೃದುವಾಗಿ ಎಳೆಯಿರಿ. ಗಂಟಲಿನ ಹಿಂಭಾಗವನ್ನು ಕೆದಕಿದರೆ ವಾಂತಿಯಾದೀತು. ಬಾಯಿಗೆ ಬಳಸಿದ ನಳಿಕೆಯನ್ನು ಟ್ಯೂಬಿನೊಳಗೆ ಎಂದೂ ಹಾಕಬಾರದು. ಬಲೂನಿನ ಮೇಲ್ಭಾಗದಿಂದ ದ್ರವ ಎಳೆಯುವ ಪ್ರತ್ಯೇಕ ಮಾರ್ಗವಿರುವ ಟ್ಯೂಬ್ ಸಿಗುವುದಾದರೆ, ದೀರ್ಘಕಾಲ ವೆಂಟಿಲೇಟರ್ ಬೇಕಾಗುವವರಿಗೆ ಅದನ್ನೇ ಕೇಳಿ ಪಡೆಯಿರಿ.

ಎಲೆ ಅಡಿಕೆ ಜಗಿಯುವ ಅಭ್ಯಾಸ ಇಲ್ಲಿ ವ್ಯಾಪಕವಾದ್ದರಿಂದ ದವಡೆಯ ಸಂದಿಯಲ್ಲಿ ಚೂರುಗಳು ಉಳಿದಿವೆಯೇ, ಹಲ್ಲು ಸಡಿಲವಾಗಿದೆಯೇ ಎಂದು ದಾಖಲಾದ ದಿನವೇ ನೋಡಿ. ನಿತ್ಯ ಮೃದು ಬ್ರಷ್‌ನಿಂದ ಹಲ್ಲುಜ್ಜಿಸಬೇಕು. ಬಾಯಿಯ ರೋಗಾಣು ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು ವಾಡಿಕೆಯಾಗಿ ಬಳಸುವುದನ್ನು 2022ರ ಅಮೆರಿಕದ ತಜ್ಞರ ಮಾರ್ಗಸೂಚಿ ಶಿಫಾರಸು ಮಾಡುವುದಿಲ್ಲ.

ಇಷ್ಟಾದರೂ ಜೊಲ್ಲು ನಿಲ್ಲದಿದ್ದರೆ ವೈದ್ಯರು ಸ್ರಾವ ತಗ್ಗಿಸುವ ಗ್ಲೈಕೊಪಿರೊಲೇಟ್ ಬರೆಯಬಹುದು. ಅದು ಕಫವನ್ನೂ ಗಟ್ಟಿಯಾಗಿಸಿ ಟ್ಯೂಬ್ ಕಟ್ಟಿಕೊಳ್ಳುವಂತೆ ಮಾಡಬಲ್ಲದು. ಆದುದರಿಂದ ಉಸಿರ ಗಾಳಿಯ ತೇವಾಂಶ, ಮೂತ್ರ ಮತ್ತು ಹೊಟ್ಟೆಯುಬ್ಬರದ ಮೇಲೆ ಕಣ್ಣಿಡಬೇಕು. ಪ್ರತಿ ಉಸಿರಿಗೂ ಬಾಯಲ್ಲಿ ಗುಳ್ಳೆ ಎದ್ದು, ಒಳಹೋದಷ್ಟು ಗಾಳಿ ಹೊರಬರುತ್ತಿಲ್ಲವೆಂದು ಯಂತ್ರ ತೋರಿಸಿದರೆ ಅದು ಜೊಲ್ಲಿನ ತೊಂದರೆಯಲ್ಲ: ಬಲೂನು ಸೋರುತ್ತಿರಬಹುದು ಅಥವಾ ಟ್ಯೂಬ್ ಮೇಲಕ್ಕೆ ಜಾರಿರಬಹುದು. ಮತ್ತೆ ಮತ್ತೆ ಗಾಳಿ ತುಂಬುತ್ತ ಕೂರದೆ, ಟ್ಯೂಬನ್ನು ಕೈಯಲ್ಲಿ ಭದ್ರವಾಗಿ ಹಿಡಿದು ತಕ್ಷಣ ವೈದ್ಯರನ್ನು ಕರೆಯಿರಿ.