ಕನೂ ದೋಣಿಗೆ ಶೂ ಕೊಳ್ಳುವಾಗ ಮಂಡಿಯೂರಿ ನೋಡಿ

ದಾಂಡೇಲಿಯ ಕಾಳಿ ನದಿಯಂಥ ರಭಸದ ನೀರಿನಲ್ಲಿ ಕನೂ (ಮಂಡಿಯೂರಿ ಕುಳಿತು ಹುಟ್ಟು ಹಾಕುವ ಕಿರಿದಾದ ದೋಣಿ) ನಡೆಸಲು ಶೂ ಕೊಳ್ಳುವವರು ಅದನ್ನು ನಿಂತು ನೋಡುವ ಬದಲು, ಅಂಗಡಿಯಲ್ಲೇ ಮಂಡಿಯೂರಿ ಹಿಮ್ಮಡಿಗಳ ಮೇಲೆ ಕುಳಿತು ಪರೀಕ್ಷಿಸುವುದು ಒಳ್ಳೆಯದು. ಕನೂದಲ್ಲಿ ಮಂಡಿಯೂರಿದಾಗ ಪಾದಗಳು ಆಸನದ ಕೆಳಗೆ ಇರುವುದರಿಂದ, ದೋಣಿ ಮಗುಚಿದರೆ ದಪ್ಪ ಅಟ್ಟೆಯ ಶೂ ಅಲ್ಲಿಯೇ ಸಿಕ್ಕಿಕೊಳ್ಳಬಹುದು. ಬಾಗುವ ತೆಳು ರಬ್ಬರ್ ಅಟ್ಟೆಯದಾದರೆ ಕಾಲು ಸಲೀಸಾಗಿ ಹೊರಬರುತ್ತದೆ. ಹಿಮ್ಮಡಿ ಬಿಗಿಯಾಗಿ ಕೂತಿರಬೇಕು, ಲೇಸಿನ ಕುಣಿಕೆಯನ್ನು ಒಳಕ್ಕೆ ಸೇರಿಸಿರಬೇಕು. ಹವಾಯಿ ಚಪ್ಪಲಿಯ ಮಾತಂತೂ ಬೇಡ, ಮೊದಲ ಅಲೆಗೇ ಅದು ನೀರುಪಾಲು. ಆದರೆ ದೋಣಿ ಹೊತ್ತು ಚೂಪುಗಲ್ಲುಗಳ ದಂಡೆಯಲ್ಲಿ ಬಹುದೂರ ನಡೆಯಬೇಕಾದ ಕಡೆ ತೆಳು ಅಟ್ಟೆ ಸಾಲದು. ಅಲ್ಲಿಗೆ ಸ್ವಲ್ಪ ಗಟ್ಟಿಯಾದುದನ್ನೇ ಆರಿಸಿ, ಆಸನದ ಕೆಳಗಿನಿಂದ ಅದು ತಡೆಯಿಲ್ಲದೆ ಹೊರಬರುವುದೇ ಎಂಬುದನ್ನು ದಡದಲ್ಲೇ ನೋಡಿಕೊಳ್ಳಬೇಕು.